ಎಂಟನೆಯ ಕಲಾಸಿ

ಎಂ.ವಿ. ಕೊರಾಲಿನಾ ಹಡಗು,
ಫುಜೈರಾ ಬಂದರು
14 ಡಿಸೆಂಬರ್ 2008

ಪ್ರೀತಿಯ ಭೋಜಾ,

ಆಗಸ್ಟಿನಿಂದ ಒಂದು ಅಕ್ಷರ ಬರೆದಿಲ್ಲ ಎಂದು ನೀನು ಬೈಯುವ ಮೊದಲು ನಾನೇ ಬೈದುಕೊಂಡಿದ್ದೇನೆ, ಮುಂದೆ ಓದು. ಹಡಗಿನ ಫೋನು ಹೆಂಡತಿಯರಿಗೇ ಸಾಲುವುದಿಲ್ಲ. ಸ್ನೇಹಿತರಿಗೆ ಕಾಗದವೇ ಗತಿ. ನಿನ್ನ ತುಳುವನ್ನು ನಾನು ಬರೆಯಲಾರೆ, ನನ್ನ ಕೊಂಕಣಿಯನ್ನು ನೀನು ಓದಲಾರೆ. ಕಾಪು ಶಾಲೆಯ ಒಂದೇ ಬೆಂಚಿನಲ್ಲಿ ಪೆಟ್ಟು ತಿಂದು ಕಲಿತ ಕನ್ನಡ ಈ ವಯಸ್ಸಿನಲ್ಲಿ ಉಪಯೋಗಕ್ಕೆ ಬರುತ್ತಿದೆ.

ಏಡನ್ ಕೊಲ್ಲಿ ದಾಟಿ ಬಂದೆವು. ಸೊಮಾಲಿಯಾದ ಕಡಲ್ಗಳ್ಳರ ಸುದ್ದಿ ನಿಮ್ಮ ಪೇಪರಿನಲ್ಲೂ ಬರುತ್ತಿರಬೇಕು. ಹೆಂಡತಿ ಡುಲ್ಸಿನ್‌ಗೆ ನಾನು ದುಬೈಯಿಂದ ಆಚೆ ಹೋಗಿಯೇ ಇಲ್ಲ ಎಂದು ಹೇಳಿದ್ದೇನೆ. ನೀನು ಉದ್ಯಾವರಕ್ಕೆ ಹೋದಾಗ ಅವಳ ಎದುರು ಬಾಯಿ ಬಿಡಬೇಡ. ಹಡಗಿನ ಸುತ್ತ ಮುಳ್ಳುತಂತಿ ಬಿಗಿದಿದ್ದೇವೆ. ಹಳೆಯ ಅಂಗಿ ಪ್ಯಾಂಟುಗಳಿಗೆ ಹರಕು ಬಟ್ಟೆ ತುಂಬಿ, ಕಾವಲುಗಾರರ ಹಾಗೆ ಅಲ್ಲಲ್ಲಿ ನಿಲ್ಲಿಸಿದ್ದೇವೆ. ಅದರಲ್ಲಿ ಒಂದು ನಮ್ಮ ಅಡುಗೆಯವನಿಗಿಂತ ಚುರುಕಾಗಿ ಕಾಣುತ್ತದೆ. ನೀನು ದೋಣಿಯ ಆಳುಗಳಿಗೆ ತಾಂಡೇಲನಾದ ಹಾಗೆ ನಾನು ಈ ಹಡಗಿನ ಡೆಕ್ಕಿನ ಆಳುಗಳಿಗೆ ಮೇಸ್ತ್ರಿ, ಬೋಸನ್. ಹಾಗಾಗಿ ಬೆಂಕಿ ಆರಿಸುವ ನೀರಿನ ಪೈಪುಗಳೆಲ್ಲ ನನ್ನ ಸುಪರ್ದಿನಲ್ಲಿವೆ. ಯಾವ ಸಣ್ಣ ದೋಣಿ ಜೋರಾಗಿ ಹತ್ತಿರ ಬಂದರೂ ಗಂಟೆ ಬಾರಿಸಬೇಕು, ನೀರು ಹಾರಿಸಬೇಕು, ಹಡಗಿನ ವೇಗ ಮಾತ್ರ ಇಳಿಸಬಾರದು. ಇದು ಕ್ಯಾಪ್ಟನ್ನರ ಕಟ್ಟಪ್ಪಣೆ. ಆ ನೀರಿನ ಹೊಡೆತ ಎಷ್ಟೆಂದರೆ, ಅಭ್ಯಾಸ ಮಾಡುವಾಗ ಒಂದು ಕಬ್ಬಿಣದ ಏಣಿ ಬಾಗಿ ಹೋಯಿತು.

ನಿನಗೆ ಹೇಳಬೇಕಾದ್ದು ಇದೇ ವಿಷಯ. ನಮ್ಮೂರಿನವರ ಪದ್ಧತಿ ನನಗೆ ಗೊತ್ತುಂಟು. ಬಲೆ ತೇಲಬಿಟ್ಟು ಕಾಯುವಾಗ ದೂರದಲ್ಲಿ ಹಡಗು ಕಂಡರೆ, ಅದು ಬಲೆಯ ಮೇಲೆ ಹೋಗದ ಹಾಗೆ ನೀವು ದೋಣಿಯನ್ನು ಹಡಗಿನ ಎದುರಿಗೇ ಓಡಿಸುತ್ತೀರಿ. ತಲೆಯ ಬಟ್ಟೆ ಬಿಚ್ಚಿ ಬೀಸಿ, ಬೊಬ್ಬೆ ಹೊಡೆದು ಆಚೆ ಕಳಿಸುತ್ತೀರಿ. ನಾನೂ ನಿನ್ನ ಅಪ್ಪನ ದೋಣಿಯಲ್ಲಿ ಬೀಸಿದವನೇ. ಮುಂಬಯಿಯಲ್ಲಿ ಇಷ್ಟು ಜನರನ್ನು ಕೊಂದವರು ಮೀನಿನ ದೋಣಿಯಲ್ಲೇ ಬಂದದ್ದು ಅಂತ ಗೊತ್ತಾದ ಮೇಲೆ ಯಾವ ಕ್ಯಾಪ್ಟನ್ನಿಗೂ ಮೀನಿನ ದೋಣಿ ಮೀನಿನ ದೋಣಿಯಾಗಿ ಕಾಣುವುದಿಲ್ಲ. ದಯವಿಟ್ಟು ಇನ್ನು ಮುಂದೆ ಹಡಗಿನ ಎದುರು ಓಡಬೇಡ. ಬಲೆ ಹೋದರೆ ಹೋಗಲಿ.

ನಿನ್ನ,
ಜೋಕಿಮ್

⁂

ಮಟ್ಟು
11 ಜನವರಿ 2009

ಜೋಕಿ,

ಬಲೆ ಹೋದರೆ ಹೋಗಲಿ ಅಂತೆ! ಮಾರಾಯ, ಹಡಗಿನ ಮೇಲೆ ಕುಳಿತು ಅದನ್ನು ಬರೆಯುವಾಗ ನಿನ್ನ ಕೈಗೆ ಎಂತದೂ ಆಗಲಿಲ್ಲವಾ? ಹಡಗು ಬಲೆಯ ಮೇಲೆ ಬರುವಾಗ ನಾನು ಎಂತ ಮಾಡಬೇಕು, ಕೈ ಮುಗಿದು ಮಂತ್ರ ಹೇಳಬೇಕಾ? ನಮ್ಮ ಅಪ್ಪ ಓಡಿಸಿದ್ದು, ಅವರ ಅಪ್ಪ ಹುಟ್ಟು ಹಾಕಿಕೊಂಡೇ ಓಡಿಸಿದ್ದು. ಇವತ್ತಿನವರೆಗೆ ಯಾವ ಹಡಗಿನವನೂ ನಮ್ಮನ್ನು ಕಳ್ಳ ಅಂದದ್ದಿಲ್ಲ. ಒಬ್ಬ ಕ್ಯಾಪ್ಟನ್ ಅಂತೂ ಸಿಗರೇಟಿನ ಪೊಟ್ಟಣ ಕೆಳಗೆ ಬಿಸಾಡಿದ್ದ, ನಿನಗೆ ನೆನಪುಂಟಲ್ಲ.

ಇಲ್ಲಿಯೂ ಮುಂಬಯಿಯ ನಂತರ ಎಲ್ಲ ತಲೆಕೆಳಗು. ಮಲ್ಪೆಯಲ್ಲಿ ದೋಣಿ ಕಟ್ಟುವ ದಕ್ಕೆಗೆ ದಿನಾ ಪೊಲೀಸರು ಬರುತ್ತಾರೆ. ದೋಣಿ ಹತ್ತುವವನಿಗೆಲ್ಲ ಗುರುತಿನ ಚೀಟಿ ಬೇಕು. ಹೋಗುವಾಗ ಎಷ್ಟು ಜನ, ಬರುವಾಗ ಎಷ್ಟು ಜನ, ಹೆಸರು ಬರೆಸಬೇಕು. ಫೋಟೋ ತೆಗೆಯುವಾಗ ನಮ್ಮ ಚೆನ್ನಪ್ಪ ಪೌಡರ್ ಹಾಕಿಕೊಂಡು ಬಂದಿದ್ದ, ಇನ್ನೊಂದು ಮದುವೆ ಮಾಡಿಸುತ್ತಾರೆ ಅಂತ ತಿಳಿದನೋ ಏನೋ. ದೋಣಿಗಳಿಗೂ ದೂರದಿಂದ ಗುರುತು ಸಿಗುವ ಹಾಗೆ ಒಂದೇ ಬಣ್ಣ ಬರುತ್ತದೆ ಅಂತ ಮಾತುಂಟು. ಕೊನೆಗೆ ಬಣ್ಣದ ಅಂಗಡಿಯಲ್ಲಿ ಸಾಲು ನಿಲ್ಲುವುದು ಯಾರು ಅಂತ ನಾನು ಈಗಲೇ ಹೊಡೆಸಿಬಿಟ್ಟೆ. ಅಪ್ಪನ ಕಾಲದ ಹಸಿರು ಬಿಳಿ ಹೋಯಿತು. ನಮ್ಮ ‘ಮಹಾಕಾಳಿ’ ಈಗ ನಿನ್ನ ಕಣ್ಣಿಗೆ ಬಿದ್ದರೆ ಯಾರ ದೋಣಿ ಅಂತ ಕೇಳುತ್ತೀ.

ದೋಣಿಯ ಆಳು, ಕಲಾಸಿಗಳದ್ದೇ ಕಷ್ಟ. ಊರಿನ ಹುಡುಗರು ಎಲ್ಲ ಗಲ್ಫಿಗೆ. ಕೊಪ್ಪಳ ಕಡೆಯ ಹನುಮೇಶ ಅಂತ ಒಬ್ಬ ಸಿಕ್ಕಿದ್ದಾನೆ. ಇಪ್ಪತ್ತೈದರ ಮೇಲಿನ ಗಟ್ಟಿ ಆಳು. ಅವನ ತಾಯಿ ಹನುಮವ್ವ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಮೊದಲ ಸಲ ಸಮುದ್ರ ನೋಡಿದವನು ಈಗ ನಮ್ಮ ಚೆನ್ನಪ್ಪನಿಗಿಂತ ವಾಸಿಯಾಗಿ ಬಲೆ ಎಳೆಯುತ್ತಾನೆ. ಅವನಿಗೆ ಮಾತ್ರ ಚೀಟಿ ಆಗಲಿಲ್ಲ, ಊರಿನ ರೇಷನ್ ಕಾರ್ಡ್ ತಾ ಅನ್ನುತ್ತಾರೆ, ಕಾರ್ಡು ಅಣ್ಣನ ಹತ್ತಿರ, ಅಣ್ಣನಿಗೂ ಇವನಿಗೂ ಮಾತಿಲ್ಲ. ಹಾಗಾಗಿ ಏಳು ಜನರ ಹೆಸರು ಬರೆಸಿ, ಎಂಟನೆಯವನನ್ನು ಅಳಿವೆ ಬಾಯಿ ದಾಟಿ ಸಮುದ್ರಕ್ಕೆ ಬರುವವರೆಗೆ ಐಸಿನ ಕೋಣೆಯಲ್ಲಿ ಕೂರಿಸುತ್ತೇನೆ. ನಡುಗುತ್ತಾ ಹೊರಗೆ ಬಂದು ನಗುತ್ತಾನೆ. ಇವನೆಂತ ಬಾಂಬು ಹಾಕುತ್ತಾನಾ, ಬಂಗುಡೆಗೆ?

ಡುಲ್ಸಿನ್‌ಗೆ ಒಂದು ಚೀಲ ಗುಳ್ಳ ಬದನೆ ಕೊಟ್ಟು ಬಂದೆ. ನೀನು ದುಬೈಯಲ್ಲೇ ಇದ್ದೀ ಅಂತ ನಾನೂ ಸುಳ್ಳು ಹೇಳಿದೆ.

ಇತಿ,
ಭೋಜ

⁂

ಕೊಲಂಬೊ ಬಂದರು
23 ಫೆಬ್ರವರಿ 2009

ಪ್ರೀತಿಯ ಭೋಜಾ,

ನಿನ್ನ ಕಾಗದ ಕೈಗೆ ಬಂದ ಹೊತ್ತಿನಲ್ಲೇ ನನ್ನ ಹತ್ತಿರ ದೊಡ್ಡ ಸುದ್ದಿ ಇದೆ. ಕಡಲ್ಗಳ್ಳರನ್ನು ಕಣ್ಣಾರೆ ನೋಡಿದೆ.

ಹೋದ ವಾರ ಕೊಲಂಬೊ ದಾರಿಯಲ್ಲಿ ನಡೆದದ್ದು. ಬೆಳಗಿನ ಚಹಾ ಕುಡಿದು ನಮ್ಮ ಹಳದಿ ಕ್ರೇನುಗಳ ತುಕ್ಕು ಉಜ್ಜುತ್ತಿದ್ದೆವು. ಎಡಗಡೆಯಿಂದ ಒಂದು ದೋಣಿ ಹೊಗೆ ಕಾರುತ್ತಾ ನೇರ ನಮ್ಮ ಮೇಲೆಯೇ ಬಂತು. ಎಲ್ಲರ ಮುಖಕ್ಕೂ ಬಟ್ಟೆ. ಕೈಯಲ್ಲಿ ಏನೋ ಎತ್ತಿ ಹಿಡಿದು ಕೂಗುತ್ತಿದ್ದರು. ಸೂರ್ಯ ಅವರ ಬೆನ್ನಿಗಿದ್ದ, ಸರಿಯಾಗಿ ಕಾಣಲಿಲ್ಲ. ಸೊಮಾಲಿಯಾದವರು ಇಷ್ಟು ದೂರ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಗಂಟೆ ಬಾರಿಸಿದೆವು. ಪೈಪು ತೆರೆದೆವು. ಒಂದು ಐದು ನಿಮಿಷದಲ್ಲಿ ದೋಣಿ ತಿರುಗಿ ಹೋಯಿತು. ನಮ್ಮ ಕಡೆ ಒಬ್ಬನಿಗೂ ಒಂದು ಗೀರೂ ಆಗಲಿಲ್ಲ.

ಕ್ಯಾಪ್ಟನ್ ಬಹಳ ಖುಷಿಯಲ್ಲಿದ್ದಾರೆ. ಮುಂಬಯಿ ಆಫೀಸಿನಿಂದ ನನ್ನ ಹೆಸರಿಗೆ ಒಂದು ಪ್ರಶಂಸಾಪತ್ರ ಬರುತ್ತದಂತೆ. ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕು ಅಂತ ಹುಡುಗರು ತಮಾಷೆ ಮಾಡುತ್ತಾರೆ. ನನಗೆ ಎರಡು ದಿನದಿಂದ ಊಟ ಸೇರುವುದಿಲ್ಲ. ಹೆದರಿಕೆಯದ್ದೇ ಇರಬೇಕು, ವಯಸ್ಸಾಯಿತಲ್ಲ.

ಆ ಕೊಪ್ಪಳದವನಿಗೆ ಚೀಟಿ ಮಾಡಿಸು ಭೋಜಾ. ನಗುವ ವಿಷಯ ಅಲ್ಲ ಅದು.

ನಿನ್ನ,
ಜೋಕಿಮ್

⁂

ಮಟ್ಟು
25 ಫೆಬ್ರವರಿ 2009

ಜೋಕಿ,

ನಿನ್ನ ಕಾಗದ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ನಮಗೆ ಒಂದು ಅನ್ಯಾಯ ಆಗಿದೆ.

ಹೋದ ಶುಕ್ರವಾರ ಲಕ್ಷದ್ವೀಪದ ಈಚೆ, ಬೆಳಿಗ್ಗೆ ನಾವು ನಮ್ಮಷ್ಟಕ್ಕೆ ಬಲೆ ಎಳೆಯುತ್ತಾ ಇದ್ದೆವು. ಅಂಜಲ್ ಮೀನು ಒಳ್ಳೆಯದಿತ್ತು. ಒಂದು ನೀಲಿ ಹಡಗು, ಮೇಲೆ ಹಳದಿ ಕ್ರೇನು, ನಮ್ಮ ಬಲೆಯ ಮೇಲೆಯೇ ಬಂತು. ಬಂದದ್ದಲ್ಲದೆ ಪೈಪಿನಲ್ಲಿ ನೀರು ಹೊಡೆದರು ಮಾರಾಯ, ಹಂದಿ ಓಡಿಸುವ ಹಾಗೆ! ನಾವು ಅವರಿಗೆ ಎಂತ ಮಾಡಿದ್ದೆವು? ಬಲೆ ನಡುವಿನಿಂದ ಕತ್ತರಿಸಿ ಹೋಯಿತು. ಅರ್ಧ ಕೂಡ ಸಿಗಲಿಲ್ಲ. ನೀರು ಕಣ್ಣಿಗೆ ಹೊಡೆದು ಹೆಸರು ಓದಲಿಕ್ಕೆ ಆಗಲಿಲ್ಲ.

ನಿನಗೆ ಹಡಗಿನವರ ಪರಿಚಯ ಉಂಟು. ಆ ದಿನ ಆ ದಾರಿಯಲ್ಲಿ ಹೋದದ್ದು ಯಾವ ಹಡಗು ಅಂತ ವಿಚಾರಿಸು. ಪೈಪು ಹಿಡಿದವ ಸಿಕ್ಕಿದರೆ ಮಲ್ಪೆಯ ದಕ್ಕೆಯಲ್ಲಿ ಅವನಿಗೆ ಮೀನು ತೊಳೆದ ನೀರು ಕುಡಿಸುತ್ತೇನೆ.

ಹನುಮೇಶ ಊರಿಗೆ ಹೋದ. ಸಮುದ್ರ ಸಾಕಾಯಿತಂತೆ. ಈಗ ಎಲ್ಲ ಚೀಟಿ ಇದ್ದವರೇ, ನೀನು ಚಿಂತೆ ಮಾಡಬೇಡ.

ಇತಿ,
ಭೋಜ

⁂

ಡರ್ಬನ್ ಬಂದರು
6 ಏಪ್ರಿಲ್ 2009

ಪ್ರೀತಿಯ ಭೋಜಾ,

ನಿನ್ನ ಫೆಬ್ರವರಿಯ ಕಾಗದ ಮುಂಬಯಿ ಸುತ್ತಿ ಮೊನ್ನೆ ಸಿಕ್ಕಿತು. ನೀಲಿ ಹಡಗು ಸಾವಿರ ಇವೆ. ಹಳದಿ ಕ್ರೇನು ಎಲ್ಲದಕ್ಕೂ ಇರುತ್ತದೆ. ವಿಚಾರಿಸುತ್ತೇನೆ.

ನೀನು ಒಂದು ವಿಷಯ ಸರಿಯಾಗಿ ಬರೆ. ಆ ದಿನ ದೋಣಿಯಲ್ಲಿ ಎಷ್ಟು ಜನ ಇದ್ದಿರಿ? ಎಲ್ಲರೂ ದಕ್ಕೆಗೆ ಬಂದರಾ? ಹನುಮೇಶ ಊರಿಗೆ ಹೋದದ್ದು ಆ ಶುಕ್ರವಾರದ ಮೊದಲಾ, ನಂತರವಾ? ಅವನು ಹಳದಿ ಬನಿಯನ್ ಹಾಕುತ್ತಿದ್ದನಾ?

ಬೇಗ ಬರೆ. ಬೇರೆ ಏನೂ ಬೇಡ, ಇಷ್ಟಕ್ಕೆ ಉತ್ತರ ಬರೆ.

ಜೋಕಿಮ್

⁂

ಮಟ್ಟು
3 ಮೇ 2009

ಜೋಕಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಪೊಲೀಸರ ಹಾಗೆ ಕೇಳುತ್ತಿಯಲ್ಲ, ನೀನು ಯಾವಾಗ ಠಾಣೆಗೆ ಸೇರಿದೆ ಅಂತ. ಹಳದಿ ಬನಿಯನ್ನಿನ ವಿಷಯ ನಿನಗೆ ಯಾರು ಹೇಳಿದ್ದು? ಚೆನ್ನಪ್ಪ ಡುಲ್ಸಿನ್ ಹತ್ತಿರ ಬಾಯಿ ಬಿಟ್ಟಿರಬೇಕು, ಅವನ ಬಾಯಿಗೆ ಬಾಗಿಲಿಲ್ಲ. ಇನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನ ಇಲ್ಲ.

ಹನುಮೇಶ ಊರಿಗೆ ಹೋಗಲಿಲ್ಲ. ಆ ನೀರಿನ ಹೊಡೆತಕ್ಕೆ ಸಮುದ್ರಕ್ಕೆ ಬಿದ್ದ. ಯಾರೂ ನೋಡಲಿಲ್ಲ. ಹೊಗೆ, ನೀರು, ಬೊಬ್ಬೆ. ಹಡಗು ಹೋದ ಮೇಲೆ ನಾವೆಲ್ಲ ಮೊದಲು ಬಲೆಯ ತುದಿ ಹುಡುಕಲಿಕ್ಕೆ ಹೋದೆವು. ಆಮೇಲೆ ತಲೆ ಲೆಕ್ಕ ಹಾಕಿದರೆ ಒಬ್ಬ ಇಲ್ಲ. ಸಂಜೆಯವರೆಗೆ ಸುತ್ತಿದೆವು. ನಾನೇ ಎರಡು ಸಲ ನೀರಿಗೆ ಹಾರಿದೆ. ಸಿಗಲಿಲ್ಲ.

ದಕ್ಕೆಗೆ ಬಂದಾಗ ಎಷ್ಟು ಜನ ಅಂತ ಕೇಳಿದರು. ಏಳು ಅಂದೆ. ಬರೆಸಿದ್ದೂ ಏಳೇ, ಬಂದದ್ದೂ ಏಳೇ. ಯಾರಿಗೂ ಅನುಮಾನ ಬರಲಿಲ್ಲ. ಹನುಮವ್ವನಿಗೆ ಮಗ ಗೋವಾದ ದೋಣಿಗೆ ಸೇರಿದ ಅಂತ ಹೇಳಿದೆ. ಅವಳು ಪ್ರತಿ ಭಾನುವಾರ ಮಣಿಪಾಲದಿಂದ ಬಸ್ಸು ಹತ್ತಿ ದಕ್ಕೆಗೆ ಬಂದು ಕೇಳುತ್ತಾಳೆ, “ಅಣ್ಣಾರ, ಗೋವಾದ್ದ ದೋಣಿ ಬಂತೇನ್ರಿ?” ಅಂತ. ನಾನು ಇನ್ನೂ ಬಂದಿಲ್ಲ ಅನ್ನುತ್ತೇನೆ.

ಇನ್ನು ಇದಕ್ಕಿಂತ ಹೊಲಸು ಕೇಳು. ಅವನು ಸತ್ತಿಲ್ಲ. ನಮ್ಮ ಬಲೆಯ ಬೆಂಡು ತಬ್ಬಿಕೊಂಡು ತೇಲುತ್ತಿದ್ದವನನ್ನು ಕೇರಳದ ಒಂದು ದೋಣಿಯವರು ಎತ್ತಿ, ಅವರ ಬಂದರಿನಲ್ಲಿ ಪೊಲೀಸರಿಗೆ ಒಪ್ಪಿಸಿದ್ದಾರೆ. ಮೊದಲು ಆಸ್ಪತ್ರೆ, ಆಮೇಲೆ ಜೈಲು. ಗುರುತಿನ ಚೀಟಿ ಇಲ್ಲ, ಅಲ್ಲಿಯ ಭಾಷೆ ಬರುವುದಿಲ್ಲ, ನಡು ಸಮುದ್ರದಲ್ಲಿ ಸಿಕ್ಕಿದವ. ಯಾವುದೋ ಹಡಗಿನಿಂದ ಇಳಿಸಿದ ಉಗ್ರನಿರಬೇಕು ಅಂತ ಅವರ ಸಂಶಯ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ತಾಯಿಗೆ ವಿಳಾಸ ಇಲ್ಲ, ಊರಿನ ಅಣ್ಣನಿಗೂ ಇವನಿಗೂ ಮಾತಿಲ್ಲ. ಇವನು ಮಲ್ಪೆ, ಭೋಜಣ್ಣ, ಮಹಾಕಾಳಿ ಅಂದಿದ್ದಾನೆ. ಅಲ್ಲಿಂದ ಇಲ್ಲಿಯ ಠಾಣೆಗೆ ಕಾಗದ ಬಂತು. ಹೋದ ತಿಂಗಳು ನನ್ನನ್ನು ಕರೆದರು. ಇನ್ಸ್‌ಪೆಕ್ಟರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿ, “ಹನುಮೇಶ ಅಂತ ನಿಮ್ಮ ದೋಣಿಯಲ್ಲಿ ಯಾರಾದರೂ ಇದ್ದರಾ?” ಅಂತ ಕೇಳಿದರು.

ಬದುಕಿದ್ದಾನೆ ಅಂತ ಕೇಳಿ ನನಗೆ ಎದ್ದು ಕುಣಿಯುವ ಹಾಗೆ ಆಯಿತು ಜೋಕಿ, ದೇವರಾಣೆ. ಆದರೆ ಬಾಯಿಂದ ಬಂದದ್ದು “ಗೊತ್ತಿಲ್ಲ ಸರ್” ಅಂತ.

ಹೌದು ಅಂದರೆ ಎಂಟನೆಯವನನ್ನು ಯಾಕೆ ಬಚ್ಚಿಟ್ಟೆ ಅಂತ ಕೇಳುತ್ತಾರೆ. ಬಿದ್ದವನ ವಿಷಯ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಲೈಸೆನ್ಸ್ ಹೋಗುತ್ತದೆ, ಏಳು ಮನೆಯ ಒಲೆ ಆರುತ್ತದೆ, ಉಗ್ರರನ್ನು ಸಾಗಿಸುವವ ಅಂತ ನನ್ನನ್ನೂ ಒಳಗೆ ಹಾಕುತ್ತಾರೆ. ನಾವು ನಮ್ಮಷ್ಟಕ್ಕೆ ಬಲೆ ಎಳೆಯುತ್ತಿದ್ದದ್ದು, ಹಡಗೇ ಬಂದು ನೀರು ಹೊಡೆದದ್ದು ಅಂತ ಯಾರು ನಂಬುತ್ತಾರೆ? ಸಾಕ್ಷಿ ಎಲ್ಲಿ? ಆ ಹಡಗಿನ ಹೆಸರು ಸಿಕ್ಕಿದರೆ ನನ್ನ ತಲೆ ಉಳಿಯುತ್ತದೆ.

ನೀನು ಸೊಮಾಲಿಯಾದವರನ್ನು ಓಡಿಸಿದ ಕಾಗದವನ್ನು ದಕ್ಕೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ನಮ್ಮ ಊರಿನವ ಅಂತ ಎಲ್ಲರಿಗೂ ಹೆಮ್ಮೆ.

ಭೋಜ

⁂

ಜೆಬೆಲ್ ಅಲಿ ಬಂದರು
21 ಮೇ 2009

ಭೋಜಾ,

ನೀನು ಬಲೆ ಎಳೆಯುತ್ತಿರಲಿಲ್ಲ. ನಮ್ಮ ಎದುರಿಗೆ ಓಡಿ ಬರುತ್ತಿದ್ದೆ. ನಾನು ನೋಡಿದ್ದೇನೆ. ಪೈಪು ಹಿಡಿದವನು ನಾನೇ.

ನಿನ್ನ ಫೆಬ್ರವರಿಯ ಕಾಗದ ಓದಿದ ದಿನವೇ ಗೊತ್ತಾಯಿತು. ಗೊತ್ತಾದ ಮೇಲೂ ನೀಲಿ ಹಡಗು ಸಾವಿರ ಇವೆ ಎಂದು ಬರೆದೆ. ನಿನ್ನ ಉತ್ತರದಲ್ಲಿ ‘ಎಲ್ಲರೂ ಕ್ಷೇಮ’ ಎಂದಿರಲಿ ಎಂದು ಉದ್ಯಾವರದ ಇಗರ್ಜಿಗೆ ಮೇಣದ ಬತ್ತಿ ಹರಕೆ ಹೊತ್ತೆ. ನಾಚಿಕೆಯಾಗುತ್ತದೆ.

ಆ ಬೆಳಿಗ್ಗೆ ನಡೆದದ್ದು ಇಷ್ಟು. ದೋಣಿಯ ಬಣ್ಣ ನನಗೆ ಗುರುತಾಗಲಿಲ್ಲ. ಹಸಿರು ಬಿಳಿ ಇದ್ದಿದ್ದರೆ ಒಂದು ಮೈಲಿ ದೂರದಿಂದಲೇ ನಿನ್ನ ಹೆಸರು ಹಿಡಿದು ಕರೆಯುತ್ತಿದ್ದೆ. ಮುಖಕ್ಕೆ ಬಟ್ಟೆ ಕಟ್ಟಿದ್ದು ಬಿಸಿಲಿಗೆ, ಕೈಯಲ್ಲಿ ಬೀಸಿದ್ದು ತಲೆಯ ಮುಂಡಾಸು. ಈಗ ಗೊತ್ತಾಗುತ್ತದೆ. ಆಗ ನನ್ನ ಕಣ್ಣಿಗೆ ಅದು ಬಂದೂಕಾಗಿಯೇ ಕಂಡಿತು. ಏಡನ್‌ನಲ್ಲಿ ಎರಡು ಸಲ ಹೋಗಿ ಬಂದವನ ಕಣ್ಣು ಅದು. ನಾನು ಎಂಟು ಜನರನ್ನು ಎಣಿಸಿದೆ, ಎಷ್ಟು ಜನ ಎಂದು ಕ್ಯಾಪ್ಟನ್ನಿಗೆ ಹೇಳಬೇಕಾದದ್ದು ನನ್ನ ಕೆಲಸ. ನೀರು ತೆರೆದೆ. ಹಳದಿ ಬನಿಯನ್ನಿನವನು ಹಿಮ್ಮುಖವಾಗಿ ನೀರಿಗೆ ಬಿದ್ದ. “ಸರ್, ಒಬ್ಬ ಬಿದ್ದ, ಹಡಗು ನಿಲ್ಲಿಸಿ” ಎಂದೆ. “ಅದು ಅವರ ಉಪಾಯ, ಹೋಗಲಿ” ಎಂದರು. ನಾನು ಇನ್ನೊಂದು ಸಲ ಹೇಳಲಿಲ್ಲ. ಮೇಲಿನಿಂದ ಒಂದು ತೇಲುಬಳೆ ಕೂಡ ಎಸೆಯಲಿಲ್ಲ. ಅದಕ್ಕೇ ಭೋಜಾ ಊಟ ಸೇರದೆ ಇದ್ದದ್ದು.

ಆ ಕೊಪ್ಪಳದವನು ನನ್ನ ನೀರಿಗೆ ಬಿದ್ದು ನಿನ್ನ ಬಾಯಿಂದ ಜೈಲಿನಲ್ಲಿದ್ದಾನೆ.

ನಾನು ಏನು ಮಾಡುತ್ತೇನೆ ಎಂದು ನಿನಗೆ ಮೊದಲೇ ತಿಳಿಸುತ್ತೇನೆ. ಕಂಡದ್ದನ್ನೆಲ್ಲ ಬರೆದು, ಸಹಿ ಹಾಕಿ, ಆ ಕೇರಳದ ಬಂದರಿನ ಪೊಲೀಸರಿಗೂ ಮಲ್ಪೆಯ ಠಾಣೆಗೂ ಕಳಿಸುತ್ತೇನೆ. ಅವನು ಯಾವ ಹಡಗಿನಿಂದಲೂ ಇಳಿದವನಲ್ಲ, ಮೀನಿನ ದೋಣಿಯಿಂದ ನಾನೇ ಬೀಳಿಸಿದವನು ಎಂದು. ಕ್ಯಾಪ್ಟನ್ನಿಗೆ ನಿನ್ನೆ ಹೇಳಿದೆ. ಹಡಗಿನ ದಾಖಲೆಯಲ್ಲಿ ಕಡಲ್ಗಳ್ಳರು ಎಂದಿದೆ, ಕಂಪೆನಿ ಅದನ್ನೇ ಎಲ್ಲ ಕಡೆ ಹೇಳಿಕೊಂಡಿದೆ, ನಿನ್ನ ಕೆಲಸದ ಗತಿ ಏನು ಯೋಚಿಸು ಎಂದರು. ಯೋಚಿಸಿದೆ.

ನನ್ನ ಬರಹದಲ್ಲಿ ಎಂಟು ಜನ ಇರುತ್ತಾರೆ, ಅವರು ನಮ್ಮ ಕಡೆ ಓಡಿ ಬಂದರು ಎಂದೂ ಇರುತ್ತದೆ. ನೀನು ಠಾಣೆಯಲ್ಲಿ ಏಳು ಎಂದಿದ್ದೀ. ನಿನ್ನನ್ನು ಸುಳ್ಳುಗಾರ ಮಾಡುವುದು ನನ್ನ ಉದ್ದೇಶ ಅಲ್ಲ, ಅದಕ್ಕೆ ಈ ಕಾಗದವನ್ನು ಇವತ್ತೇ ಕೊರಿಯರ್‌ನಲ್ಲಿ ಕಳಿಸುತ್ತೇನೆ, ಪೊಲೀಸರದ್ದನ್ನು ಮುಂದಿನ ಬಂದರಿನಲ್ಲಿ ಹಾಕುತ್ತೇನೆ. ಅಲ್ಲಿಗೆ ಒಂದು ವಾರದ ದಾರಿ. ಅಷ್ಟರೊಳಗೆ ನೀನಾಗಿಯೇ ಹೋಗು. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಅಳುತ್ತೀ, ನಾನು ಆಯಿತು ಬಿಡು ಎನ್ನುತ್ತೇನೆ. ನಮ್ಮಿಬ್ಬರನ್ನೂ ನನಗೆ ಗೊತ್ತು.

ಬೈಯುವುದಿದ್ದರೆ ಆಮೇಲೆ ಬೈ. ಮೀನು ತೊಳೆದ ನೀರನ್ನು ಬಂದು ಕುಡಿಯುತ್ತೇನೆ.

ಜೋಕಿಮ್

⁂

ಮಟ್ಟು
16 ಜೂನ್ 2009

ಜೋಕಿ,

ಈ ಕಾಗದ ನಿನಗೆ ಮುಂಬಯಿಯ ನಾವಿಕರ ಹಾಸ್ಟೆಲಿನಲ್ಲಿ ಸಿಗುತ್ತದೆ ಅಂತ ಡುಲ್ಸಿನ್ ಹೇಳಿದಳು. ನಿನ್ನನ್ನು ಹಡಗಿನಿಂದ ಇಳಿಸಿದರಂತೆ. ವಿಚಾರಣೆ ಮುಗಿಯುವವರೆಗೆ ಬೇರೆ ಹಡಗೂ ಇಲ್ಲವಂತೆ. ಅವಳು ಅಳುತ್ತಾ ಹೇಳಿದಳು, ಆದರೆ ನೀನು ಏಡನ್‌ಗೆ ಹೋದದ್ದಕ್ಕೆ ಬೈದದ್ದೇ ಹೆಚ್ಚು. ನನಗೂ ಬೈಗಳು ಸಿಕ್ಕಿತು.

ನಿನ್ನ ಕಾಗದ ಬಂದ ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಂಗಳದಲ್ಲಿ ನಿಂತು ಜೋರಾಗಿಯೇ ಬೈದೆ, ನನ್ನ ಹೆಂಡತಿ ನಳಿನಾಕ್ಷಿ ಯಾರೊಂದಿಗೆ ಜಗಳ ಅಂತ ಹೊರಗೆ ಬಂದಳು. ನಿಜ ಹೇಳುವುದಾದರೆ ನಿನ್ನ ಹಳದಿ ಕ್ರೇನಿನ ಕಾಗದ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಅಂಥದ್ದು ಆಗಿರಲಿಕ್ಕಿಲ್ಲ ಅಂತ ಅದನ್ನು ಎಲ್ಲರ ಎದುರು ಇನ್ನೂ ಜೋರಾಗಿ ಓದಿದೆ. ಓಡಿಸಿದ್ದು ನಾನೇ. ನೀನು ಬೇಡ ಅಂತ ಬರೆದದ್ದು ನೆನಪಾಯಿತು, ಆದರೂ ಓಡಿಸಿದೆ. “ಮುಂದೆ ನಿಂತು ಬಟ್ಟೆ ಬೀಸು” ಅಂತ ಹನುಮೇಶನಿಗೆ ಹೇಳಿದ್ದೂ ನಾನೇ.

ಠಾಣೆಗೆ ಹೋಗುವ ಮೊದಲು ಮಣಿಪಾಲಕ್ಕೆ ಹೋದೆ. ಹನುಮವ್ವ ತಲೆಯ ಮೇಲೆ ಬಾಂಡ್ಲಿ ಹೊತ್ತು ಕಾಂಕ್ರೀಟು ಸಾಗಿಸುತ್ತಿದ್ದಳು. ಎಲ್ಲ ಹೇಳಿದೆ. ಬೈಯುತ್ತಾಳೆ, ಉಗುಳುತ್ತಾಳೆ ಅಂತ ಎಣಿಸಿದ್ದೆ. ಅವಳು ಬಾಂಡ್ಲಿ ಕೆಳಗಿಟ್ಟು, ಡ್ರಮ್ಮಿನ ನೀರಿನಲ್ಲಿ ಕೈಕಾಲು ತೊಳೆದು, “ಜೀವಂತ ಅದಾನಲ್ರಿ?” ಅಂದಳು. ಹೌದು ಅಂದೆ. “ನಡೀರಿ ಮತ್ತ” ಅಂದಳು.

ಇನ್ಸ್‌ಪೆಕ್ಟರು ನಾನು ಹೇಳಿದ್ದೆಲ್ಲ ಬರೆದುಕೊಂಡರು. “ಇದನ್ನು ಏಪ್ರಿಲಿನಲ್ಲಿ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?” ಅಂತ ಕೇಳಿದರು. ನನ್ನ ಮೇಲೆ ಕೇಸು ಆಗಿದೆ. ದೋಣಿಯನ್ನು ದಡಕ್ಕೆ ಎಳೆದಿಟ್ಟಿದ್ದೇನೆ, ಮಳೆಗಾಲ ಮುಗಿದ ಮೇಲೆ ನೀರಿಗೆ ಇಳಿಸಲಿಕ್ಕೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಚೆನ್ನಪ್ಪ ಮಾತು ಬಿಟ್ಟಿದ್ದಾನೆ.

ಕಾಗದಪತ್ರ ಎಲ್ಲ ಆಗಲಿಕ್ಕೆ ಹತ್ತು ದಿನ ಹಿಡಿಯಿತು, ಆಮೇಲೆ ಒಬ್ಬ ಕಾನ್‌ಸ್ಟೇಬಲ್ ಜೊತೆ ನಾನು, ಹನುಮವ್ವ ರೈಲಿನಲ್ಲಿ ಹೋದೆವು. ನಿನ್ನ ಬರಹ ನಮಗಿಂತ ಮೊದಲೇ ತಲುಪಿತ್ತು. ಅಲ್ಲಿಯ ಅಧಿಕಾರಿ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಹನುಮೇಶನನ್ನು ಕರೆತಂದರು. ತೆಳ್ಳಗಾಗಿದ್ದಾನೆ, ಗಡ್ಡ ಬಂದಿದೆ. ತಾಯಿಯನ್ನು ನೋಡಿ ನಿಂತಲ್ಲೇ ನಿಂತ. ಅಧಿಕಾರಿ ನನ್ನನ್ನು ತೋರಿಸಿ, “ಇವರು ಯಾರು, ಗೊತ್ತಾ?” ಅಂತ ಕೇಳಿದರು. ನಮ್ಮ ಕಾನ್‌ಸ್ಟೇಬಲ್ ಕನ್ನಡದಲ್ಲಿ ಹೇಳಿದ.

ಅವನು ನನ್ನ ಮುಖ ನೋಡಿದ. “ಗೊತ್ತಿಲ್ರಿ” ಅಂದ.

ನಾನು ಮಾಡಿದ್ದಕ್ಕೆ ಸರಿಯಾದ ಉತ್ತರ ಕೊಟ್ಟ ಅಂತ ಎಣಿಸಿದೆ. ಸಿಟ್ಟು ಬರಬೇಕಾದ್ದೇ. “ಸರ್, ಇವ ನನ್ನ ದೋಣಿಯವ, ನಾನೇ ಸುಳ್ಳು ಹೇಳಿದ್ದು” ಅಂತ ಕೈ ಮುಗಿದೆ. ಆಗ ಹನುಮೇಶ ಗಾಬರಿಯಾಗಿ, “ಸುಮ್ನಿರ್ರಿ ಮಾಲಕ್ರ” ಅಂತ ಸಣ್ಣಗೆ ಅಂದ. ಅಷ್ಟು ಹೊತ್ತು ಗೊತ್ತಿಲ್ಲ ಅಂದವನ ಬಾಯಲ್ಲಿ ಮಾಲಕ್ರು ಬಂದದ್ದು ಕೇಳಿ ಕಾನ್‌ಸ್ಟೇಬಲ್ ನಕ್ಕುಬಿಟ್ಟ.

ಕೋರ್ಟಿನ ಕಾಗದ ಆಗಿ ಅವನನ್ನು ಹೊರಗೆ ಬಿಟ್ಟ ಮೇಲೆ ಗೇಟಿನ ಹತ್ತಿರ ಕೇಳಿದೆ, ಯಾಕೆ ಹಾಗೆ ಹೇಳಿದೆ ಅಂತ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಮೊದಲ ನಿಮ್ಮ ಹೆಸರ ಹೇಳಿದ್ನಿರಿ. ಆಮ್ಯಾಲ ಒಂದಿನ ಇವ್ರು ಬಂದು, ಮಲ್ಪೆಯವ ನಿನ್ನ ಗುರ್ತಾ ಇಲ್ಲ ಅಂದ ಅಂದ್ರು. ಮಾಲಕ್ರಿಗೆ ಏನೋ ದೊಡ್ಡ ತ್ರಾಸ ಬಂದೈತಿ, ಇಲ್ಲಾಂದ್ರ ಹಂಗ ಅನ್ನಾವ್ರಲ್ಲ ಅನ್ಕೊಂಡ್ನಿ. ಅವತ್ತಿಂದ ನಾನೂ ನಿಮ್ಮ ಹೆಸರ ಬಿಟ್ಟೆ. ಎಷ್ಟ ಕೇಳಿದ್ರೂ ಗೊತ್ತಿಲ್ಲ ಅಂದೆ.”

ಅವನು ಭೋಜಣ್ಣ ಭೋಜಣ್ಣ ಅಂತ ಹೇಳುತ್ತಲೇ ಇದ್ದಿದ್ದರೆ ಅವರು ಇನ್ನೊಂದು ಸಲ ವಿಚಾರಿಸುತ್ತಿದ್ದರಂತೆ. ಮಾತು ಬದಲಿಸಿದ್ದರಿಂದಲೇ ಸಂಶಯ ಹೆಚ್ಚಾಗಿ ಒಳಗೆ ಇಟ್ಟುಕೊಂಡರು ಅಂತ ಕಾನ್‌ಸ್ಟೇಬಲ್ ಆಮೇಲೆ ಹೇಳಿದ.

ಹನುಮವ್ವ ಇಷ್ಟನ್ನೂ ಕೇಳಿಸಿಕೊಂಡು ನಿಂತಿದ್ದಳು. ಮಗನ ಮೈ ಮುಟ್ಟಿ ಮುಟ್ಟಿ ನೋಡುತ್ತಿದ್ದವಳು ಕೈ ತೆಗೆದಳು. “ನಾ ಅಲ್ಲಿ ವಾರ ವಾರ ದಕ್ಕಿಗೆ ಹೋಗಿ ಹುಚ್ಚಿ ಹಂಗ ನಿಂದರತಿದ್ನಿ. ನೀ ಇಲ್ಲಿ ಕುಂತು ಮಾಲಕನ್ನ ಕಾಯಾಕತ್ತಿದ್ದೇನೋ ಮೂಳಾ?” ಅಂದು ಅವನ ಕೆನ್ನೆಗೆ ಛಟೀರ್ ಅಂತ ಹೊಡೆದಳು. ಗೇಟಿನ ಪೊಲೀಸ ತಿರುಗಿ ನೋಡಿದ.

ಹೊಡೆದವಳು ಮಗನನ್ನು ಅಪ್ಪಿಕೊಂಡು ಅಲ್ಲೇ ಕುಳಿತುಬಿಟ್ಟಳು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ ಜೋಕಿ. ನಾನು ಅವಳ ಪಕ್ಕದಲ್ಲಿ, ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಹೋಗಿ ನಿಂತಿದ್ದೆ. ರೈಲಿಗೆ ಹೊತ್ತಾಯಿತು ಅಂತ ಕಾನ್‌ಸ್ಟೇಬಲ್ ಕರೆಯುವವರೆಗೂ ನಿಂತಿದ್ದೆ.

ಭೋಜ